ತೊಂಬತ್ತು ಅಡಿ ಚರ್ಚಿನ ಮುಂಭಾಗ ಯಾವುದು

ಆ ಚರ್ಚನ್ನು ನಾನು ಇವತ್ತಿಗೂ ಕಣ್ಣಾರೆ ಕಂಡಿಲ್ಲ. ಆದರೂ ಎರಡು ಸಾವಿರದ ಎರಡನೇ ಇಸವಿಯಲ್ಲಿ ಸುಮಾರು ಹತ್ತು ವಾರ ದಿನಾ ಅದರೊಳಗೆ ಓಡಾಡಿಕೊಂಡಿದ್ದೆ. ಓಡಾಟ ಅಂದರೆ ಡಲ್ಲಾಸಿನ ಪಕ್ಕದ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ಆಫೀಸೊಂದರಲ್ಲಿ ಎಲ್‌ಬಿಜೆ ಫ್ರೀವೇಗೆ ಬೆನ್ನು ಹಾಕಿ ಕೂತು, ಕಂಪ್ಯೂಟರಿನ ಪರದೆಯ ಮೇಲೆ ಅದರ ಗೋಡೆ, ನೆಲ, ಕಂಬಗಳನ್ನು ಒಂದೊಂದೇ ಗೆರೆಯಾಗಿ ಎಳೆಯುವುದು.

ನಮ್ಮದು ಸರ್ವೆ ಕಂಪನಿ. ಫ್ರಿಸ್ಕೋ ಕಡೆ ಏಳುತ್ತಿದ್ದ ಹೊಸ ಬಡಾವಣೆಗಳಿಗೆ ಚರಂಡಿಯ ನಕ್ಷೆ ಬರೆಯುವುದು ನನ್ನ ಪಾಲಿನ ಕೆಲಸ. ಯಾರ ಹಿತ್ತಲಿನ ಮಳೆನೀರು ಯಾರ ಗ್ಯಾರೇಜಿಗೆ ನುಗ್ಗಬಹುದೆಂದು ಇಡೀ ದಿನ ಹೆದರುತ್ತ ಕೂರಬೇಕು. ಹೆದರುವುದು ನನಗೆ ಹುಟ್ಟಿನಿಂದ ಬಂದದ್ದು. ಅದಕ್ಕೆ ಸಂಬಳವನ್ನೂ ಕೊಡುತ್ತಾರೆಂದು ತಿಳಿದದ್ದು ಈ ದೇಶಕ್ಕೆ ಬಂದ ಮೇಲೆ. ಆ ವರ್ಷ ಬಡಾವಣೆಗಳ ಕೆಲಸ ಸ್ವಲ್ಪ ಸೊರಗಿತ್ತು. ಹಾಗಾಗಿ ಆಸ್ಟಿನ್ನಿನ ಪುರಾತತ್ವದ ಪ್ರೊಫೆಸರೊಬ್ಬರು ಮರಳಿನಡಿ ಹೂತಿರುವ ಕಟ್ಟಡವೊಂದರ ನಕ್ಷೆ ಬೇಕೆಂದು ಕೇಳಿಕೊಂಡು ಬಂದಾಗ ನಮ್ಮ ಬಾಸ್ ಒಪ್ಪಿಕೊಂಡ. "ನೀವೇ ಮಾಡಿ, ನೀವಾದರೆ ಎಲ್ಲವನ್ನೂ ಎರಡೆರಡು ಸಲ ನೋಡುತ್ತೀರಿ" ಎಂದ. ಎರಡೆರಡು ಸಲವಲ್ಲ, ಏಳೆಂಟು ಸಲ. ಅದನ್ನು ಅವನಿಗೆ ಹೇಳಲಿಲ್ಲ.

ಚರ್ಚು ಇದ್ದದ್ದು ಉತ್ತರ ಆಫ್ರಿಕಾದ ಸಮುದ್ರದಂಡೆಯಲ್ಲಿ. ಸುಮಾರು ಸಾವಿರದೈನೂರು ವರ್ಷ ಹಳೆಯದು. ಮೂವತ್ತು ಚಿಲ್ಲರೆ ವರ್ಷದ ಹಿಂದೆ ಟೆಕ್ಸಸ್ಸಿನಿಂದಲೇ ಹೋದ ತಂಡವೊಂದು ಅದನ್ನು ಅಗೆದು, ಕಂಡದ್ದನ್ನೆಲ್ಲ ಬರೆದುಕೊಂಡು, ಹಾಳಾಗದಿರಲೆಂದು ಮತ್ತೆ ಮರಳು ತುಂಬಿ ಮುಚ್ಚಿ ಬಂದಿತ್ತು. ಅಗೆಸಿದ ಹಿರಿಯರು ಪುಸ್ತಕ ಬರೆಯುವ ಮೊದಲೇ ತೀರಿಕೊಂಡರು. ಅವರು ಬರೆಸಿದ್ದ ದೊಡ್ಡ ನಕ್ಷೆ ಹೂಸ್ಟನ್ನಿನ ಒಂದು ನೆಲಮಾಳಿಗೆಯಲ್ಲಿದ್ದು, ಹಿಂದಿನ ವರ್ಷದ ನೆರೆಯಲ್ಲಿ ನೆನೆದು ಮುದ್ದೆಯಾಯಿತು. ಉಳಿದದ್ದು ಆಸ್ಟಿನ್ನಿನ ಕಪಾಟಿನಲ್ಲಿದ್ದ ಕಾರ್ಡುಗಳು, ಆ ಹಿರಿಯರ ಒಂದು ನೋಟ್‌ಬುಕ್ಕು, ಕೆಲವು ಫೋಟೋಗಳು ಮಾತ್ರ. ಸಿಕ್ಕ ಪ್ರತಿಯೊಂದು ವಸ್ತುವಿಗೆ, ಪ್ರತಿಯೊಂದು ಕಲ್ಲಿಗೆ ಒಂದು ಕಾರ್ಡು. ಅದರಲ್ಲಿ ಮೂರು ಅಳತೆ. "ಫ್ರಂಟ್"ನಿಂದ ಎಷ್ಟು ಅಡಿ, ನಡುಗೆರೆಯಿಂದ ಎಡಕ್ಕೋ ಬಲಕ್ಕೋ ಎಷ್ಟು ಅಡಿ, ಗುರುತಿನ ಕಲ್ಲಿಗಿಂತ ಎಷ್ಟು ಕೆಳಗೆ. ಈ ಕಾರ್ಡುಗಳನ್ನೆಲ್ಲ ಸೇರಿಸಿ ಕಳೆದುಹೋದ ನಕ್ಷೆಯನ್ನು ಮತ್ತೆ ಹುಟ್ಟಿಸಬೇಕು.

ಅವಸರಕ್ಕೆ ಕಾರಣ ರಸ್ತೆ. ಆ ದಂಡೆಯುದ್ದಕ್ಕೂ ಹೊಸ ರಸ್ತೆ ಬರುವುದಿತ್ತು. ಅಲ್ಲಿನ ಕಚೇರಿ ರಸ್ತೆಯನ್ನು ಸ್ವಲ್ಪ ಅತ್ತ ಅಥವಾ ಸ್ವಲ್ಪ ಇತ್ತ ಸರಿಸಲು ಒಪ್ಪಿತ್ತು, ಪೂರ್ತಿ ಬಿಡಲು ಒಪ್ಪಿರಲಿಲ್ಲ. ಅಂದರೆ ತೊಂಬತ್ತು ಅಡಿ ಉದ್ದದ ಚರ್ಚಿನಲ್ಲಿ ಪೂರ್ವದ ಅರ್ಧವೋ ಪಶ್ಚಿಮದ ಅರ್ಧವೋ ಒಂದು ಉಳಿಯುತ್ತದೆ, ಇನ್ನೊಂದು ರಸ್ತೆಯಡಿ ಹೋಗುತ್ತದೆ. ಯಾವುದು ಉಳಿಯಬೇಕೆಂದು ಪ್ರೊಫೆಸರ್ ಬರೆದುಕೊಡಬೇಕು. ಅದಕ್ಕೆ ಮೊದಲು ಅಗೆದು ನೋಡುವಂತಿಲ್ಲ. ಉಳಿಸಿಕೊಂಡ ಅರ್ಧದಲ್ಲಿ ಆಮೇಲೆ ಅಗೆದುಕೊಳ್ಳಬಹುದು.

ಪ್ರೊಫೆಸರಿಗೆ ಬೇಕಾಗಿದ್ದದ್ದು ಒಂದು ಸಮಾಧಿ. ಹಳೆಯ ತಂಡ ಕೊನೆಯ ವಾರದಲ್ಲಿ ಅದನ್ನು ಮುಟ್ಟಿತ್ತು. ಕಾರ್ಡಿನಲ್ಲಿ "ಮೊಸಾಯಿಕ್ ಹಾಸು, ಅಕ್ಷರಗಳಿವೆ, ತೆರೆದಿಲ್ಲ; ಫ್ರಂಟಿನಿಂದ ಎಪ್ಪತ್ತೆಂಟು ಅಡಿ" ಎಂದಿತ್ತು. ಅಷ್ಟು ಕಾಲದಿಂದ ಯಾರೂ ಕದಲಿಸದ ಯಾರೋ ಒಬ್ಬರು ಅಲ್ಲಿ ಮಲಗಿದ್ದರು. ಅವರ ಮೇಲೆ ರಸ್ತೆ ಬರುತ್ತದೋ ಇಲ್ಲವೋ ಎಂಬುದು, ನಂಬಲಿಕ್ಕೆ ಕಷ್ಟವಾದರೂ, ಮರ್ಫಿಯ ನಮ್ಮ ಮನೆಯಿಂದ ಬೆಳಗಿನ ಟ್ರಾಫಿಕ್ಕಿನಲ್ಲಿ ಮೊಸರನ್ನದ ಡಬ್ಬಿ ಹಿಡಿದು ಬರುತ್ತಿದ್ದ ನನ್ನ ಮೇಲೆ ನಿಂತಿತ್ತು.

ಸಮಾಧಾನದ ಸಂಗತಿಯೆಂದರೆ, ಹಳೆಯ ತಂಡ ನಡುಗೆರೆಯ ಎರಡು ತುದಿಗೂ ಕಾಂಕ್ರೀಟು ಹಾಕಿ ಕಬ್ಬಿಣದ ಗೂಟ ನೆಟ್ಟಿತ್ತು. ಎರಡೂ ಈಗಲೂ ಇದ್ದವು. ಅವುಗಳ ಜಾಗವನ್ನು ಪ್ರೊಫೆಸರ್ ಅಳೆಸಿ ಕಳಿಸಿದ್ದರು. ಗೂಟಗಳ ಮೇಲಿದ್ದ ಹೆಸರಿನ ತಗಡು ಮಾತ್ರ ತುಕ್ಕು ಹಿಡಿದು ಉದುರಿತ್ತು. ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ. ಇವೆರಡರಲ್ಲಿ ಫ್ರಂಟ್ ಯಾವುದು ಎಂದು ಗೊತ್ತಾದರೆ ಸಾಕು, ಉಳಿದದ್ದೆಲ್ಲ ತಾನಾಗಿ ಕೂರುತ್ತದೆ.

ಕಾರ್ಡುಗಳನ್ನು ಸ್ಕ್ಯಾನ್ ಮಾಡಿ ಕಳಿಸುತ್ತಿದ್ದವಳು ಪ್ರೊಫೆಸರರ ಸಂಶೋಧನಾ ವಿದ್ಯಾರ್ಥಿನಿ. ಧಾರವಾಡದ ಹುಡುಗಿ, ಅವಳ ಅಜ್ಜ ಅಲ್ಲಿನ ಒಂದು ಚರ್ಚಿನಲ್ಲಿ ಪಾದ್ರಿಯಾಗಿದ್ದರಂತೆ. ಮೊದಲ ಫೋನಿನಲ್ಲಿ ನನ್ನ ಇಂಗ್ಲಿಷ್ ಕೇಳಿ, "ಮೇಡಮ್ಮಾರ, ನೀವು ಮೈಸೂರ್ನೋರೇನ್ರಿ?" ಎಂದು ಕೇಳಿದ್ದಳು. ಅಂದಿನಿಂದ ನಾನು ಅಕ್ಕಾರ ಆದೆ, ನಮ್ಮ ಕೆಲಸವೆಲ್ಲ ಕನ್ನಡದಲ್ಲೇ ನಡೆಯಿತು. ಈಗ ಯೋಚಿಸಿದರೆ ಆ ಸಲಿಗೆಯೇ ಎಡವಟ್ಟಿನ ಮೂಲ. ಇಂಗ್ಲಿಷಿನಲ್ಲಿ ಆಗಿದ್ದರೆ ಇನ್ನೊಂದೆರಡು ಪ್ರಶ್ನೆ ಕೇಳುತ್ತಿದ್ದೆ.

"ಈ ಫ್ರಂಟ್ ಅಂತಿದೆಯಲ್ಲ, ಅದು ಯಾವ ಕಡೆ?" ಎಂದೆ ಒಂದು ದಿನ.

"ಫ್ರಂಟ್ ಅಂದ್ರ ಮುಂದ್ರಿ."

"ಅದು ನನಗೂ ಗೊತ್ತು ಕಣೇ. ಮುಂದೆ ಅಂದ್ರೆ ಪೂರ್ವ ತಾನೆ?"

"ಪೂರ್ವನ ರೀ. ನೋಟ್‌ಬುಕ್ಕಿನ್ಯಾಗ ಬರದಾರಲ್ರಿ, ಚರ್ಚ್ ಫೇಸಸ್ ಈಸ್ಟ್ ಅಂತ. ನಮ್ಮೂರಾಗೂ ಹಂಗ ಐತಿ."

"ಸರಿ ಹಾಗಾದ್ರೆ. ನಾನೂ ಅದೇ ಅಂದ್ಕೊಂಡಿದ್ದೆ."

ಅಷ್ಟೇ. ಒಂದು ನಿಮಿಷವೂ ಹಿಡಿಯಲಿಲ್ಲ. ಮನೆ ಕೊಳ್ಳುವಾಗ ಈಸ್ಟ್ ಫೇಸಿಂಗ್ ಬೇಕೇ ಬೇಕೆಂದು ಏಜೆಂಟನ ಜೀವ ತಿಂದು ಇಪ್ಪತ್ತೆರಡು ಮನೆ ನೋಡಿದವಳು ನಾನು. ಈಸ್ಟ್ ಫೇಸಿಂಗ್ ಎಂದರೇನೆಂದು ಇನ್ನೊಬ್ಬರಿಂದ ಹೇಳಿಸಿಕೊಳ್ಳಬೇಕೆ? ಪೂರ್ವದ ಗೂಟಕ್ಕೆ ಸೊನ್ನೆ ಎಂದು ಕೊಟ್ಟೆ. ಕಾರ್ಡುಗಳೆಲ್ಲ ಸರಸರನೆ ತಮ್ಮ ಜಾಗಕ್ಕೆ ಹೋಗಿ ಕೂತವು.

ಚರ್ಚಿಗೆ ಎರಡು ತುದಿಯಲ್ಲೂ ಅರ್ಧವೃತ್ತದ ಗೋಡೆ ಇತ್ತು. ಆ ಸೀಮೆಯಲ್ಲಿ ಹಾಗೆ ಕಟ್ಟುತ್ತಿದ್ದರಂತೆ. ಹೀಗಾಗಿ ನಕ್ಷೆಯನ್ನು ಹಿಂದುಮುಂದು ಮಾಡಿ ಹಿಡಿದರೂ ನೋಡಲು ಹೆಚ್ಚುಕಡಿಮೆ ಒಂದೇ ಥರ. ಸಮಾಧಿ ಪಶ್ಚಿಮದ ಅರ್ಧದಲ್ಲಿ ಬಂತು. ಪಶ್ಚಿಮದ ಅರ್ಧದ ನಾಲ್ಕು ಮೂಲೆಗಳ ಅಳತೆಯನ್ನು ಬರೆದು, ಆಗಲೇ ಆ ಊರಿಗೆ ಹೋಗಿದ್ದ ಪ್ರೊಫೆಸರಿಗೆ ಫ್ಯಾಕ್ಸ್ ಮಾಡಿದೆ.

ಆಮೇಲೆ ನನ್ನ ಮಾಮೂಲಿ ರೋಗ ಶುರುವಾಯಿತು. ಮೊದಲ ಸಲ: ಹಳೆಯ ತಂಡದ ಟೇಪಿನ ಅಡಿ ಯಾವ ಅಡಿ? ಅಮೆರಿಕದ ಸರ್ವೆಯವರ ಅಡಿಗೂ ಮಾಮೂಲಿ ಅಡಿಗೂ ವ್ಯತ್ಯಾಸವಿದೆ. ಪ್ರೊಫೆಸರಿಗೆ ಫೋನ್ ಮಾಡಿದೆ. ಲೆಕ್ಕ ಹಾಕಿದರೆ ಇಡೀ ಚರ್ಚಿಗೆ ಒಂದು ಕೂದಲೆಳೆಯಷ್ಟು ವ್ಯತ್ಯಾಸ. ಎರಡನೇ ಸಲ: ದಿಕ್ಸೂಚಿಯ ಉತ್ತರ ಮೂವತ್ತು ವರ್ಷದಲ್ಲಿ ಸರಿದಿರುತ್ತದಲ್ಲವೇ? ಗೂಟಗಳೇ ಕೈಯಲ್ಲಿರುವಾಗ ದಿಕ್ಸೂಚಿ ಯಾರಿಗೆ ಬೇಕು ಎಂದು ಫೋನ್ ಇಟ್ಟ ಮೇಲೆ ಹೊಳೆಯಿತು. ಮೂರನೇ ಸಲ: ಒಂದು ಕಾರ್ಡಿನ ಏಳು ಏಳೋ ಒಂದೋ? ಅದು ಒಡೆದ ಮಣ್ಣಿನ ಹಣತೆಯ ಚೂರಿನ ಕಾರ್ಡು.

ಮೂರನೆಯದಾದ ಮೇಲೆ ಪ್ರೊಫೆಸರ್ ಒಂದು ಹಾಳೆಯ ಫ್ಯಾಕ್ಸ್ ಕಳಿಸಿದರು. ಬಹಳ ಸೌಜನ್ಯದಿಂದ ಬರೆದಿದ್ದರು. ಇನ್ನು ಮುಂದೆ ಏನಾದರೂ ತೋಚಿದರೆ ದಯವಿಟ್ಟು ಎರಡು ಪ್ರಶ್ನೆಗೆ ಉತ್ತರ ಬರೆದು, ಸಹಿ ಮಾಡಿ, ಆಮೇಲೆ ಫೋನ್ ಮಾಡಿ: ನೆಲದ ಮೇಲೆ ಏನಾದರೂ ಬದಲಾಗಬೇಕೇ? ಬದಲಾಗಬೇಕಾದರೆ ಎಷ್ಟು?

ನನ್ನ ಗಂಡ ಆ ಹಾಳೆಯನ್ನು ಓದಿ, "ಇದನ್ನ ಫ್ರಿಜ್ ಮೇಲೆ ಅಂಟಿಸೋಣ. ಗ್ಯಾಸ್ ಆಫ್ ಮಾಡಿದ್ನಾ ಅಂತ ವಾಪಸ್ ಬರೋಕೆ ಮುಂಚೆ ಫಿಲ್ ಮಾಡಿ ಕೊಡು" ಎಂದರು.

ಯಾವ ಅರ್ಧ ಉಳಿಯಬೇಕೆಂಬ ಕಾಗದವನ್ನು ಪ್ರೊಫೆಸರ್ ಒಂದು ಸೋಮವಾರ ಕೊಡಬೇಕಿತ್ತು. ಅದರ ಹಿಂದಿನ ಶುಕ್ರವಾರ ನನಗೆ ಹೂಸ್ಟನ್ನಿನಲ್ಲಿ ಕೆಲಸ. ಹಳೆಯ ತಂಡ ತಂದಿದ್ದ ಕೆತ್ತನೆಯ ಕಲ್ಲುಗಳು, ಹಣತೆಗಳು ಅಲ್ಲಿನ ಮ್ಯೂಸಿಯಂ ಒಂದರಲ್ಲಿದ್ದವು. ಅವುಗಳನ್ನು ಸಿಕ್ಕ ಜಾಗದಲ್ಲೇ ಇಟ್ಟು ತೋರಿಸಬೇಕೆಂದು ಉಗ್ರಾಣದ ನೆಲದ ಮೇಲೆ ಚರ್ಚಿನ ನಕ್ಷೆಯನ್ನು ನಿಜವಾದ ಅಳತೆಯಲ್ಲಿ ನೀಲಿ ಟೇಪಿನಿಂದ ಅಂಟಿಸಿದ್ದರು. ಅದು ಸರಿಯಿದೆಯೇ ನೋಡಬೇಕಿತ್ತು. ನಾನು ಡಲ್ಲಾಸಿನಿಂದ ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಹೋದೆ. ಹುಡುಗಿ ಆಸ್ಟಿನ್ನಿನಿಂದ ತನ್ನ ಕಾರಿನಲ್ಲಿ ಬಂದಿದ್ದಳು. ಮುಖ ನೋಡಿದ್ದು ಅವತ್ತೇ ಮೊದಲು.

ಅಷ್ಟು ದಿನ ಪರದೆಯ ಮೇಲೆ ಅಂಗೈಯಗಲ ಇದ್ದ ಚರ್ಚು ಕಾಲಡಿ ತೊಂಬತ್ತು ಅಡಿ ಮಲಗಿತ್ತು. ನಾನು ಸೊನ್ನೆಯ ತುದಿಗೆ ಹೋದೆ. ಅರ್ಧವೃತ್ತದ ಆಚೆ ಚಪ್ಪಲಿ ಬಿಟ್ಟು, ಟೇಪು ದಾಟಿ, ಬರಿಗಾಲಲ್ಲಿ ಒಳಗೆ ಕಾಲಿಟ್ಟೆ. ಹಾಗೆ ಮಾಡಬೇಕೆಂದು ಯೋಚಿಸಿ ಮಾಡಿದ್ದಲ್ಲ. ದೇವರಿದ್ದ ಜಾಗ, ಕಾಲು ತಾನಾಗಿ ಮಾಡಿತು.

ನಡುವಿನಲ್ಲಿ ಅಳತೆ ಹಿಡಿದು ಕೂತಿದ್ದ ಹುಡುಗಿ ತಲೆಯೆತ್ತಿ ನೋಡಿ ಜೋರಾಗಿ ನಕ್ಕಳು. "ಅಯ್ಯ ಅಕ್ಕಾರ! ಅಲ್ಲಿ ಯಾಕ ಚಪ್ಪಲ್ ಬಿಟ್ರಿ? ದೇವರ ಬೆನ್ನ ಹಿಂದ ಬಿಟ್ಟಂಗಾತಲ್ರಿ."

"ಬಾಗಿಲಲ್ಲಿ ಬಿಡದೆ ಇನ್ನೆಲ್ಲಿ ಬಿಡ್ಲೇ?"

"ಬಾಗ್ಲಾ? ಅಲ್ಲೆಲ್ಲಿ ಬಾಗ್ಲರಿ? ಅದು ವೇದಿ. ಪಾದ್ರಿ ನಿಂದರೂ ಜಾಗ."

"ಮುಂಭಾಗ ಅಂದ್ಯಲ್ಲ ನೀನು?"

"ಮುಂದ ಅಂದ್ರ ವೇದಿನ ಅಲ್ರಿ? ಮುಂದ ಬಂದು ಕೂಡ್ರಿ ಅಂದ್ರ ಎಲ್ಲಿ ಬಂದು ಕೂಡ್ತಾರು?"

"ನಮ್ಮಲ್ಲಿ ಮುಂಭಾಗ ಅಂದ್ರೆ ಬಾಗಿಲು ಕಣೇ. ಗುಡಿ ಪೂರ್ವಕ್ಕೆ ಮುಖ ಮಾಡಿದೆ ಅಂದ್ರೆ ಬಾಗಿಲು ಪೂರ್ವಕ್ಕಿದೆ ಅಂತ. ಈ ಅರ್ಧವೃತ್ತ ಮುಖಮಂಟಪ ಅಂದ್ಕೊಂಡಿದ್ದೆ ನಾನು. ಇಲ್ಲಿ ಗುರುತು ಹಾಕಿರೋ ಈ ನಾಲ್ಕು ಕಲ್ಲು ಅದರ ಕಂಬದ್ದು."

"ಅವು ವೇದಿ ಕಾಲ್ ಊರಿದ್ದ ಕಲ್ಲರಿ!"

ಇನ್ನೂ ನಗುತ್ತಲೇ ಇದ್ದೆವು. ಮೊದಲು ನಿಲ್ಲಿಸಿದವಳು ಅವಳು.

ಪೂರ್ವ ಎಂದು ಇಬ್ಬರೂ ಒಪ್ಪಿದ್ದೆವು. ಅವಳು ಒಪ್ಪಿದ್ದು ವೇದಿ ಪೂರ್ವಕ್ಕಿರುತ್ತದೆ ಎಂದು. ನಾನು ಒಪ್ಪಿದ್ದು ಬಾಗಿಲು ಪೂರ್ವಕ್ಕಿರುತ್ತದೆ ಎಂದು. ಒಂದೇ ತುದಿಯಲ್ಲಿ ವೇದಿಯೂ ಬಾಗಿಲೂ ಎರಡೂ ಇರಲು ಸಾಧ್ಯವಿಲ್ಲ. ನಾಲ್ಕು ಕಲ್ಲುಗಳು ಸೊನ್ನೆಯ ತುದಿಯಲ್ಲೇ ಇದ್ದದ್ದರಿಂದ ಫ್ರಂಟ್ ಎಂದರೆ ವೇದಿ ಎನ್ನುವುದು ಖಚಿತ. ಅದರಲ್ಲಿ ಅವಳೇ ಸರಿ. ಆದರೆ "ಪೂರ್ವಕ್ಕೆ ಮುಖ" ಎಂದು ಬರೆದ ಆ ಹಿರಿಯರ ಮನಸ್ಸಿನಲ್ಲಿ ಇದ್ದದ್ದು ಅವಳ ಮುಖವೋ ನನ್ನ ಮುಖವೋ? ಕಟ್ಟಡ ನನ್ನ ಮನೆಯ ಹಾಗೆ ಬಾಗಿಲಿನಿಂದ ಪೂರ್ವವನ್ನು ನೋಡುತ್ತಿತ್ತು ಎಂದಾದರೆ ವೇದಿ ಪಶ್ಚಿಮಕ್ಕೆ ಹೋಗುತ್ತದೆ. ಸೊನ್ನೆ ಪಶ್ಚಿಮಕ್ಕೆ ಹೋಗುತ್ತದೆ. ಸಮಾಧಿ ಪೂರ್ವಕ್ಕೆ ಬರುತ್ತದೆ. ನಾನು ಉಳಿಸಿ ಎಂದು ಬರೆದುಕೊಟ್ಟ ಅರ್ಧದಲ್ಲಿ ಸಮಾಧಿಯೇ ಇರುವುದಿಲ್ಲ.

"ವೇದಿ ಪೂರ್ವಕ್ಕೇ ಇರಬೇಕು ಅಂತ ನಿಯಮ ಇದೆಯಾ?" ಎಂದೆ.

"ಎಲ್ಲಾ ಚರ್ಚೂ ಹಂಗ ಇರ್ತಾವ್ರಿ."

"ಎಲ್ಲಾ?"

ಅವಳು ಟೇಪಿನ ಸುರುಳಿಯನ್ನು ಸುತ್ತುತ್ತ ಕೂತಳು. "ಎಲ್ಲಾ ಅಲ್ರಿ," ಎಂದಳು ಕೊನೆಗೆ. "ಆ ಸೀಮಿ ಒಳಗ ಭಾಳ ಹಳೇವು ಕೆಲವು ಪಶ್ಚಿಮಕ್ಕ ಅದಾವು. ಓದೀನಿ. ಓದಿ ಪರೀಕ್ಷಾನೂ ಬರದೀನಿ. ನಿಮ್ಮ ಕೂಡ ಮಾತಾಡೂವಾಗ ನೆನಪಿಗೆ ಬಂದಿದ್ದು ನಮ್ಮಜ್ಜನ ಚರ್ಚು."

ಫೋಟೋಗಳಿದ್ದವು. ಆದರೆ ಎಲ್ಲವೂ ನೆಲವನ್ನಷ್ಟೇ ನೋಡುತ್ತಿದ್ದವು. ಹಿಂದೆ ಸಮುದ್ರವಿಲ್ಲ, ಗುಡ್ಡವಿಲ್ಲ. ನೆರಳಾದರೂ ದಿಕ್ಕು ಹೇಳೀತೆಂದರೆ, ನೆರಳು ಬಿದ್ದರೆ ಕಲ್ಲು ಸರಿಯಾಗಿ ಕಾಣುವುದಿಲ್ಲವೆಂದು ಮೋಡ ಕವಿಯುವ ತನಕ ಕಾದು ತೆಗೆದಿದ್ದರು. ಅಷ್ಟು ಶಿಸ್ತಿನ ಜನ ಫ್ರಂಟ್ ಎಂದರೆ ಯಾವ ಕಡೆ ಎಂದು ಒಂದು ಬಾಣ ಹಾಕಿರಲಿಲ್ಲ.

ಕಾರ್ಡುಗಳ ಮೂಲ ಆಸ್ಟಿನ್ನಿನಲ್ಲಿ. ಅವಳ ಕಾರಿನ ಹಿಂದೆ ನನ್ನ ಕಾರು, ಮೂರು ಗಂಟೆ. ಈಗಲೇ ಪ್ರೊಫೆಸರಿಗೆ ಫೋನ್ ಮಾಡಿದರೆ ಏನೆಂದು ಹೇಳುವುದು? ಬದಲಾಗಬೇಕೇ? ಗೊತ್ತಿಲ್ಲ. ಎಷ್ಟು? ಸೊನ್ನೆ ಅಥವಾ ಪೂರ್ತಿ. ಇಷ್ಟು ವರ್ಷ ಏನೂ ಇಲ್ಲದ್ದಕ್ಕೆಲ್ಲ ಹೆದರಿ ಹೆದರಿ, ನಿಜವಾಗಿ ಹೆದರಬೇಕಾದ ದಿನ ಬಂದಾಗ ನನ್ನ ಮಾತಿಗೆ ಬೆಲೆಯೇ ಇಲ್ಲದಂತೆ ಮಾಡಿಕೊಂಡಿದ್ದೆ.

ಶನಿವಾರ ಬೆಳಿಗ್ಗೆ ಏಳಕ್ಕೆ ಅವರ ವಿಭಾಗದ ಕೋಣೆಯಲ್ಲಿ ಕಪಾಟು ತೆಗೆದೆವು. ಚರ್ಚಿನ ಬಗ್ಗೆ ನನಗೇನೂ ಗೊತ್ತಿಲ್ಲ, ಅದು ಹಿಂದಿನ ದಿನವೇ ಸಾಬೀತಾಗಿತ್ತು. ನನಗೆ ಗೊತ್ತಿದ್ದದ್ದು ನೀರು. "ಈ ಚರ್ಚಿನಲ್ಲಿ ನೀರು ಎಲ್ಲಾದರೂ ಇತ್ತೇನೇ?" ಎಂದು ಕೇಳಿದೆ.

"ದೀಕ್ಷಾಸ್ನಾನದ ತೊಟ್ಟಿ ಐತ್ರಿ. ಮಂದಿ ಇಳದು ಮುಳುಗಿ ಏಳೂ ಅಂಥಾದ್ದು. ಫ್ರಂಟಿನಿಂದ ಐವತ್ತೆರಡು ಅಡಿ, ಎಡಕ್ಕ."

"ತೊಟ್ಟಿ ತುಂಬಿಸಿದ್ಮೇಲೆ ಖಾಲಿ ಮಾಡಲೇಬೇಕಲ್ಲ. ಮಣ್ಣಿನ ಪೈಪಿನ ಚೂರು ಅಂತ ಯಾವ ಕಾರ್ಡಲ್ಲಿದ್ರೂ ತೆಗಿ."

ಪೈಪಿನ ಕಾರ್ಡುಗಳು ಬೇರೆ ಬೇರೆಯವರು ಬರೆದವು, ಬೇರೆ ಬೇರೆ ಕಟ್ಟಿನಲ್ಲಿದ್ದವು. ಚೂರು ಚೂರಾಗಿ ನಾನೂ ಅವನ್ನು ನಕ್ಷೆಗೆ ಹಾಕಿದ್ದೆ, ಆದರೆ ಮೇಲಿನಿಂದ ನೋಡುವ ನಕ್ಷೆಯಲ್ಲಿ ಆಳ ಕಾಣುವುದಿಲ್ಲ. ಈಗ ಹನ್ನೊಂದು ಕಾರ್ಡುಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದೆವು. ಅವಳು ಆಳವನ್ನು ಓದುತ್ತಾ ಹೋದಳು, ನಾನು ಬರೆಯುತ್ತಾ ಹೋದೆ. ತೊಟ್ಟಿಯ ಬಳಿಯಿಂದ ಎಂಬತ್ತೆಂಟನೇ ಅಡಿಯ ತನಕ ಒಂದೇ ಸಮ ಇಳಿಜಾರು, ಮೂವತ್ತಾರು ಅಡಿಗೆ ಹನ್ನೊಂದು ಇಂಚು. ನಾನೇ ಹಾಕಿದ್ದರೂ ಅಷ್ಟೇ ಹಾಕುತ್ತಿದ್ದೆ. ಮೂರು ಕಾರ್ಡಿನಲ್ಲಿ ಪೈಪಿನ ಚಿತ್ರವೂ ಇತ್ತು. ಒಂದು ಪೈಪಿನ ಕಿರಿದಾದ ತುದಿ ಮುಂದಿನದರ ಅಗಲ ಬಾಯಿಯೊಳಗೆ ಕೂರಬೇಕು, ಅಗಲ ಬಾಯಿ ಯಾವಾಗಲೂ ನೀರು ಬರುವ ದಿಕ್ಕಿಗೆ ಇರಬೇಕು. ಫ್ರಿಸ್ಕೋದಲ್ಲೂ ಹಾಗೇ, ಅಲ್ಲೂ ಹಾಗೇ. ಮೂರೂ ಚಿತ್ರದಲ್ಲಿ ಅಗಲ ಬಾಯಿ ಫ್ರಂಟಿನ ಕಡೆಗಿತ್ತು. ನೀರು ಫ್ರಂಟ್ ಬಿಟ್ಟು ಆಚೆ ತುದಿಗೆ ಹೋಗುತ್ತಿತ್ತು.

ನನ್ನ ನಕ್ಷೆಯ ಪ್ರಕಾರ ಆಚೆ ತುದಿ ಪಶ್ಚಿಮ. ಪ್ರೊಫೆಸರ್ ಕಳಿಸಿದ್ದ ಹೊಸ ಸರ್ವೆಯನ್ನು ಬಿಡಿಸಿ ನೋಡಿದೆ. ಸಮುದ್ರ ಪೂರ್ವಕ್ಕೆ. ಪಶ್ಚಿಮಕ್ಕೆ ನೆಲ ಏರುತ್ತಾ ಹೋಗುತ್ತದೆ. ಹತ್ತು ವಾರದಿಂದ ನಾನು ನೀರನ್ನು ಗುಡ್ಡ ಹತ್ತಿಸುತ್ತಿದ್ದೆ.

"ಹಂಗಾದ್ರ ತಿರುಗಿಸಿಬಿಡೂಣ್ರಿ," ಎಂದಳು ಹುಡುಗಿ.

"ಇರು. ಪಶ್ಚಿಮಕ್ಕೆ ಇಂಗುಗುಂಡಿ ತೋಡಿ ಅದಕ್ಕೆ ಬಿಟ್ಟಿದ್ರೆ? ಆಗ ಗುಡ್ಡ ಇದ್ರೂ ನಡೆಯತ್ತೆ. ಆಗಿನ ನೆಲ ಈಗಿನ ಹಾಗೇ ಇತ್ತು ಅಂತ ಯಾರು ಹೇಳ್ತಾರೆ? ಎಲ್ಲಾ ಮರಳು."

"ಅಕ್ಕಾರ, ನೀವು ಯಾ ಕಡೆ ಅದೀರಿ?"

ಅದೇ ನನಗೂ ತಿಳಿಯದಾಗಿತ್ತು. ಸುಮ್ಮನಿದ್ದುಬಿಟ್ಟರೆ ತಪ್ಪು ಆ ಹಿರಿಯರದಾಗುತ್ತಿತ್ತು, ನೋಟ್‌ಬುಕ್ಕಿನದಾಗುತ್ತಿತ್ತು. ಜಗತ್ತಿನ ಬಹುಪಾಲು ಚರ್ಚುಗಳು ನನ್ನ ಹಳೆಯ ನಕ್ಷೆಯ ಪರವಾಗಿ ನಿಂತಿದ್ದವು. ತಿರುಗಿಸಿ ಬರೆದುಕೊಟ್ಟು ಅದು ತಪ್ಪಾದರೆ, ಸರಿಯಾಗಿದ್ದದ್ದನ್ನು ನನ್ನ ಕೈಯಾರೆ ಕೆಡಿಸಿ ಆ ಸಮಾಧಿಯನ್ನು ರಸ್ತೆಯಡಿ ಹಾಕಿದವಳು ನಾನೇ. ಹೆದರುವವರಿಗೆ ಸುಮ್ಮನಿರುವುದೇ ಸುರಕ್ಷಿತ ಎಂದು ಜನ ತಿಳಿಯುತ್ತಾರೆ. ಹಾಗಲ್ಲ. ಸುಮ್ಮನಿದ್ದು ತಪ್ಪಾದರೆ ಅದನ್ನು ಇನ್ನೂ ಹೆಚ್ಚು ದಿನ ನೆನೆದು ಕೊರಗಬೇಕಾಗುತ್ತದೆ.

ಒಂದು ಹಾಳೆ ತೆಗೆದುಕೊಂಡೆ. ನೆಲದ ಮೇಲೆ ಏನಾದರೂ ಬದಲಾಗಬೇಕೇ? ಹೌದು. ಎಷ್ಟು? ಪೂರ್ತಿ ತಿರುಗಬೇಕು, ಉಳಿಯಬೇಕಾದದ್ದು ಪೂರ್ವದ ಅರ್ಧ. ಕೆಳಗೆ ಹೊಸ ನಾಲ್ಕು ಮೂಲೆ, ಅದರ ಕೆಳಗೆ ಸಹಿ. ಫ್ಯಾಕ್ಸ್ ಹೋದ ಮೇಲೆ ಅವರು ಇಳಿದುಕೊಂಡಿದ್ದ ಅತಿಥಿಗೃಹಕ್ಕೆ ಫೋನ್ ಮಾಡಿದೆ. ಅಲ್ಲಿ ಆಗ ಮಧ್ಯಾಹ್ನ.

ಪ್ರೊಫೆಸರ್ ಪೂರ್ತಿ ಕೇಳಿಸಿಕೊಂಡರು. ಚಪ್ಪಲಿಯ ಕಥೆಯನ್ನೂ ಹೇಳಿದೆ, ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ.

"ಇಂಗುಗುಂಡಿ ಇದ್ದಿರಬಹುದಲ್ಲ?" ಎಂದರು. ನಾನು ಹೆದರಿದ್ದನ್ನೇ ಸೀದಾ ಕೇಳಿದ್ದರು.

"ಇರಬಹುದು. ಯಾವ ಕಾರ್ಡಿನಲ್ಲೂ ಇಲ್ಲ. ಆದರೆ ಗೋಡೆಯಾಚೆ ಅವರು ಅಗೆದೇ ಇರಲಿಲ್ಲ."

"ನಿಮಗೆ ಎಷ್ಟು ಖಾತ್ರಿ?"

"ನೀರಿನ ಬಗ್ಗೆ ಖಾತ್ರಿ. ನೆಲದ ಬಗ್ಗೆ ಇಲ್ಲ."

ಅತ್ತ ಫ್ಯಾಕ್ಸಿನ ಹಾಳೆ ಮಗುಚುವ ಸದ್ದು ಕೇಳಿಸಿತು.

"ಇದು ನಿಮ್ಮ ಊರಿನ ಬಡಾವಣೆಯಾಗಿದ್ದರೆ," ಎಂದರು ಅವರು, "ಇಷ್ಟನ್ನು ನೋಡಿ ಚರಂಡಿಯ ನಕ್ಷೆಗೆ ಸಹಿ ಹಾಕುತ್ತಿದ್ದಿರಾ?"

"ಇದಕ್ಕಿಂತ ಕಡಿಮೆ ನೋಡಿ ಹಾಕಿದ್ದೇನೆ," ಎಂದುಬಿಟ್ಟೆ. ಬಾಸ್ ಕೇಳಿಸಿಕೊಂಡಿದ್ದರೆ ಅಲ್ಲೇ ಕೆಲಸ ಹೋಗುತ್ತಿತ್ತು.

"ಸರಿ. ನೀವು ಸೋಮವಾರದ ತನಕ ಇನ್ನೊಮ್ಮೆ ಫೋನ್ ಮಾಡಬೇಡಿ," ಎಂದು ಇಟ್ಟರು.

ಸೋಮವಾರ ಅವರು ಪೂರ್ವದ ಅರ್ಧ ಉಳಿಯಲಿ ಎಂದು ಬರೆದುಕೊಟ್ಟರು. ಪಶ್ಚಿಮದಲ್ಲಿ ರಸ್ತೆಯ ಕೆಲಸ ಅದೇ ವಾರ ಶುರುವಾಯಿತು. ಪೂರ್ವದಲ್ಲಿ ಆರು ಅಡಿ ಮರಳನ್ನು ಕೈಯಲ್ಲೇ ತೆಗೆಯಬೇಕು. ಹುಡುಗಿಯೂ ಅಲ್ಲಿಗೆ ಹೊರಟಳು. ನನಗೆ ಇಲ್ಲಿ ಮೂರು ವಾರ ಕಾಯುವ ಕೆಲಸ.

ಆ ಮೂರು ವಾರದಲ್ಲಿ ಇಂಗುಗುಂಡಿಗಳ ಬಗ್ಗೆ ಲೈಬ್ರರಿಯಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ. ಓದಿದಷ್ಟೂ ಆ ಕಾಲದವರು ಸಿಕ್ಕಸಿಕ್ಕಲ್ಲಿ ಇಂಗುಗುಂಡಿ ತೋಡುತ್ತಿದ್ದರು ಎನ್ನಿಸಿತು. ಒಂದು ಸಂಜೆ ಪಾತ್ರೆ ತೊಳೆಯುತ್ತ ಸಿಂಕಿನಲ್ಲಿ ನೀರು ಇಳಿಯುವುದನ್ನೇ ನೋಡುತ್ತ ನಿಂತಿದ್ದೆ. ಗಂಡ ಬಂದು ನಲ್ಲಿ ನಿಲ್ಲಿಸಿದರು.

"ಸಾಕು ಬಿಡೇ. ಆ ಮನುಷ್ಯ ಸತ್ತು ಸಾವಿರದೈನೂರು ವರ್ಷ ಆಯ್ತು. ಅವನಿಗಿಲ್ಲದ ಚಿಂತೆ ನಿನಗ್ಯಾಕೆ?"

"ಇಷ್ಟು ವರ್ಷ ಯಾರೂ ಅವರ ತಂಟೆಗೆ ಹೋಗಿರ್ಲಿಲ್ಲ ಕಣ್ರೀ. ಹೋದವಳು ನಾನು."

ಅವರು ಬಟ್ಟೆ ತೆಗೆದುಕೊಂಡು ಪಾತ್ರೆ ಒರೆಸಿದರು. ಆಮೇಲೆ ಆ ವಿಷಯಕ್ಕೆ ತಮಾಷೆ ಮಾಡಲಿಲ್ಲ.

ಫೋನ್ ಬಂದದ್ದು ಒಂದು ಬುಧವಾರ, ಬೆಳಿಗ್ಗೆ ಹತ್ತರ ಸುಮಾರಿಗೆ, ಆಫೀಸಿಗೆ. ಹಿಂದೆ ದೊಡ್ಡ ಯಂತ್ರದ ಗುಡುಗುಡು ಕೇಳುತ್ತಿತ್ತು.

"ಅಕ್ಕಾರ, ಕೇಳಸ್ತೈತೇನ್ರಿ? ಪೈಪ್ ಸಿಕ್ತ್ರಿ!"

"ಬಾಯಿ?" ಎಂದೆ. ಅಷ್ಟೇ ಹೊರಟದ್ದು.

"ಕೈ ಹಾಕಿ ನೋಡೀನಿ. ಅಗಲ ಬಾಯಿ ಪಶ್ಚಿಮಕ್ಕ. ಸಣ್ಣ ತುದಿ ಸಮುದ್ರದ ಕಡೆ. ನೀರು ಇತ್ಲಾಗ ಬರ್ತಿತ್ರಿ, ಇತ್ಲಾಗ!"

ಸಮಾಧಿಗೆ ಇನ್ನೂ ನಾಲ್ಕು ದಿನ ಬೇಕು ಎಂದಳು. ನನಗೆ ಬೇಕಿರಲಿಲ್ಲ. ಅಗಲ ಬಾಯಿ ಪಶ್ಚಿಮಕ್ಕಿದೆ ಎಂದರೆ ಫ್ರಂಟ್ ಪಶ್ಚಿಮಕ್ಕಿದೆ, ಫ್ರಂಟ್ ಪಶ್ಚಿಮಕ್ಕಿದೆ ಎಂದರೆ ಎಪ್ಪತ್ತೆಂಟನೇ ಅಡಿ ಅವರ ಕಾಲಡಿಯೇ ಇದೆ. "ಪ್ರೊಫೆಸರ್ ಏನಂದ್ರು?" ಎಂದು ಕೇಳಿದೆ.

"ಏನೂ ಅಂದಿಲ್ರಿ. ರಸ್ತೆ ಕಡೆ ಮುಖ ಮಾಡಿ ಕುಂತಾರ."

ಅದೇಕೆಂದು ಆಗ ಹೊಳೆಯಲಿಲ್ಲ. ನಾನು ನನ್ನ ಖುಷಿಯಲ್ಲಿದ್ದೆ. ಭಾನುವಾರ ಮೊಸಾಯಿಕ್ಕಿನ ಅಂಚು ಕಂಡಿತು, ಮರುದಿನ ಅಕ್ಷರಗಳು. ಸಮಾಧಿಯನ್ನು ತೆರೆಯದೆ ಹಾಗೇ ಉಳಿಸುವುದೆಂದು ಪ್ರೊಫೆಸರ್ ತೀರ್ಮಾನಿಸಿದರು.

ಅವರು ವಾಪಸು ಬಂದ ಮೇಲೆ ಆಸ್ಟಿನ್ನಿನಲ್ಲಿ ಒಮ್ಮೆ ಕಾಫಿಗೆ ಸಿಕ್ಕಾಗ ವಿವರಿಸಿದರು. ಮೊದಲು ಕಟ್ಟಿದಾಗ ಆ ಚರ್ಚಿನ ವೇದಿ ಪಶ್ಚಿಮಕ್ಕಿತ್ತು, ದೊಡ್ಡ ಬಾಗಿಲು ಪೂರ್ವಕ್ಕೆ, ಸಮುದ್ರದತ್ತ ಇತ್ತು. ಪೂರ್ವದ ಅರ್ಧವೃತ್ತ ಆಮೇಲೆ ಆ ಬಾಗಿಲನ್ನು ಮುಚ್ಚಿ ಕಟ್ಟಿದ್ದು, ಸಮಾಧಿಗಾಗಿ. ಅಂದರೆ ಹುಡುಗಿಯ "ಮುಂದ" ಸರಿಯಾಗಿತ್ತು, ನನ್ನ ಈಸ್ಟ್ ಫೇಸಿಂಗೂ ಸರಿಯಾಗಿತ್ತು. ಇಬ್ಬರ ಹತ್ತಿರವೂ ಅರ್ಧರ್ಧ ಇತ್ತು, ಒಬ್ಬರನ್ನೊಬ್ಬರು ಕೇಳಿಕೊಂಡಿರಲಿಲ್ಲ.

"ನೀವು ರಸ್ತೆಯ ಕಡೆ ನೋಡುತ್ತ ಕೂತಿದ್ದಿರಂತೆ," ಎಂದೆ.

"ಆ ಸೀಮೆಯಲ್ಲಿ ಅಷ್ಟು ಹಳೆಯ ಪಶ್ಚಿಮದ ವೇದಿಗಳು ಹೆಚ್ಚು ಉಳಿದಿಲ್ಲ," ಎಂದರು ಅವರು. "ನಮ್ಮದೊಂದು ಇದೆ ಎಂದು ಖಾತ್ರಿಯಾದ ಗಳಿಗೆಯಲ್ಲಿ ಅದರ ಮೇಲೆ ರೋಲರ್ ಓಡುತ್ತಿತ್ತು." ದೂರುವ ದನಿಯಲ್ಲಿ ಹೇಳಲಿಲ್ಲ. ಎರಡರಲ್ಲಿ ಒಂದು ಹೋಗಲೇಬೇಕಿತ್ತು. ಮತ್ತೆ ಆರಿಸಿ ಎಂದರೂ ಇದನ್ನೇ ಆರಿಸುತ್ತಿದ್ದೆ ಎಂದರು.

ಬೇಸಿಗೆಯ ಕೊನೆಗೆ ಅಂತಿಮ ನಕ್ಷೆ ಕಳಿಸಬೇಕಾಯಿತು. ನಮ್ಮ ಕಸುಬಿನಲ್ಲಿ ಇರುವುದನ್ನು ತುಂಡಿಲ್ಲದ ಗೆರೆಯಲ್ಲಿ ಬರೆಯುತ್ತೇವೆ, ಕೆಡವಿದ್ದನ್ನು ತುಂಡುಗೆರೆಯಲ್ಲಿ. ಎಷ್ಟೋ ಹಳೆಯ ಕೊಟ್ಟಿಗೆಗಳನ್ನು, ಬೇಲಿಗಳನ್ನು ಹಾಗೆ ತುಂಡುಗೆರೆ ಮಾಡಿದ್ದೇನೆ, ಕೈ ತಡೆದದ್ದಿಲ್ಲ. ಅಂದು ಪಶ್ಚಿಮದ ಅರ್ಧವೃತ್ತವನ್ನು, ವೇದಿಯ ನಾಲ್ಕು ಕಲ್ಲುಗಳನ್ನು, ನಲವತ್ತೈದನೇ ಅಡಿಯ ತನಕದ ಎರಡೂ ಗೋಡೆಗಳನ್ನು ಒಟ್ಟಿಗೆ ಆರಿಸಿಕೊಂಡೆ. ಇನ್ನೊಮ್ಮೆ ನೋಡಿದೆ. ಏಳೆಂಟು ಸಲ ನೋಡಿದೆ. ಸರಿಯಾಗಿಯೇ ಇತ್ತು. ಎಂಟರ್ ಒತ್ತಿದೆ.